ನಮ್ಮನೆ ಇಸ್ಪೀಟು

ಇಸ್ಪೀಟಿನ ವಿಚಾರ ಅಂದ ಕೂಡಲೇ ಕೆಲವು ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕಿ ರೇಡಿಯೋದ ಕಿವಿ ಹಿಂಡಲು ಕೈ ಚಾಚಿರಬಹುದು. ಅವರ ತಪ್ಪಲ್ಲ. ನಮ್ಮ ಕಡೆ ಇಸ್ಪೀಟಿಗೆ ಹೆಸರು ಕೆಟ್ಟಿದೆ. ಯುಗಾದಿ ಬಂತೆಂದರೆ ಮಂಡ್ಯ, ಮೈಸೂರು, ಹಾಸನದ ಕಡೆಯ ಹಳ್ಳಿಗಳಲ್ಲಿ ಎಲೆ ಬೀಳಲು ಶುರುವಾಗುತ್ತದೆ. ಅಂದರ್ ಬಾಹರ್ ಹೆಸರಿನಲ್ಲಿ ತಿಂಗಳುಗಟ್ಟಲೆಯ ದುಡಿಮೆ ಒಂದೇ ರಾತ್ರಿ ಕೈಬಿಟ್ಟು ಹೋಗುತ್ತದೆ. ಹಣ ಕಟ್ಟಿ ಆಡುವವರನ್ನು ವಿಚಾರಿಸಿಕೊಳ್ಳುವುದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ, ಆ ಕೆಲಸ ಪೊಲೀಸರಿಗೇ ಇರಲಿ. ಅದೇ ಎಲೆಗಳು ಶಿವರಾತ್ರಿಯ ಜಾಗರಣೆಯಲ್ಲಿ, ಮದುವೆ ಮನೆಯಲ್ಲಿ ಚಪ್ಪರ ಹಾಕಿದ ರಾತ್ರಿ, ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಜಗುಲಿಯ ಮೇಲೆ ಕೂಡ ಬಿಚ್ಚಿಕೊಳ್ಳುತ್ತವೆ. ಅಲ್ಲಿ ಪಣಕ್ಕೆ ಹುಣಿಸೆಬೀಜ. ಸೋತವರಿಗೆ ಕತ್ತೆ ಎಂಬ ಬಿರುದು, ಮಾರನೆಯ ದಿನದ ತಿಂಡಿಯ ಹೊತ್ತಿನವರೆಗೂ. ನಾನು ಮಾತಾಡಲು ಬಂದಿರುವುದು ಈ ಎರಡನೆಯ ಬಗೆಯ ಇಸ್ಪೀಟಿನ ಬಗ್ಗೆ. ಅದರಲ್ಲೂ ಅಂಗಡಿಯಿಂದ ಕೊಂಡು ತಂದದ್ದಲ್ಲ. ಮನೆಯವರೇ ಕೂತು ಯೋಚಿಸಿ, ಗೀಚಿ, ಜಗಳವಾಡಿ, ಕೊನೆಗೆ ಪ್ರೆಸ್ಸಿಗೆ ಕೊಟ್ಟು ಅಚ್ಚು ಹಾಕಿಸಿದ ಎಲೆಗಳ ಬಗ್ಗೆ.

ಹಿಂದೆ ಇದು ಆಗದ ಮಾತಾಗಿತ್ತು. ಆಫ್‌ಸೆಟ್ ಅಚ್ಚಿನಲ್ಲಿ ಪ್ಲೇಟು ಮಾಡಿಸಬೇಕು, ಆ ಖರ್ಚು ಹುಟ್ಟಬೇಕಾದರೆ ಸಾವಿರ ಪ್ರತಿಯಾದರೂ ಹಾಕಿಸಬೇಕು. ಒಂದು ಮನೆಗೆ ಸಾವಿರ ಪ್ಯಾಕು ಏನಕ್ಕೆ? ಈಗ ಡಿಜಿಟಲ್ ಪ್ರೆಸ್ಸು ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಹಾಳೆಯ ಲೆಕ್ಕದಲ್ಲಿ ದುಡ್ಡು. ಒಂದೇ ಪ್ರತಿ ಕೇಳಿದರೂ ಕೊಡುತ್ತಾರೆ. ಮದುವೆಯ ಆಲ್ಬಂ, ಬರ್ತ್‌ಡೇ ಮಗ್ಗು, ಫೋಟೋ ಇರುವ ಕ್ಯಾಲೆಂಡರು ಇವೆಲ್ಲ ಹೊರಟಿರುವುದು ಇದೇ ಯಂತ್ರದ ದಯೆಯಿಂದ. ಇಸ್ಪೀಟೂ ಆ ಸಾಲಿಗೆ ಸೇರಿದೆ. ಸೇರಿದ್ದರಿಂದಲೇ ಒಂದು ತೊಂದರೆಯೂ ಆಗಿದೆ. ಬಹಳಷ್ಟು ಮಂದಿ ಇಸ್ಪೀಟು ಮಾಡಿಸಲು ಹೋಗಿ ಫೋಟೋ ಆಲ್ಬಮ್ಮನ್ನೇ 54 ತುಂಡು ಮಾಡಿಸಿಕೊಂಡು ಬರುತ್ತಾರೆ. ಒಂದು ಸಂಜೆ ಎಲ್ಲರೂ ನೋಡಿ ನಗುತ್ತಾರೆ, ಆಮೇಲೆ ಅದು ಷೋಕೇಸು ಸೇರುತ್ತದೆ. ಆಡುವುದಕ್ಕೆ ಹಳೇ ಪ್ಯಾಕೇ ಹೊರಗೆ ಬರುತ್ತದೆ. ಮೊದಲು ಆಟ, ಚಿತ್ರ ಆಮೇಲೆ. ನನ್ನ ಮಾತೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಮನೆಯೊಳಗೆ ಹುಟ್ಟಿ ಜಗತ್ತನ್ನೇ ಸುತ್ತಿದ ಒಂದು ಎಲೆಯಾಟ ನಿಮ್ಮ ಮಕ್ಕಳ ಕಪಾಟಿನಲ್ಲೇ ಇರಬಹುದು. ಅದರ ಹೆಸರು ಊನೊ. ಅಮೆರಿಕದ ಒಹಾಯೊ ರಾಜ್ಯದ ರೀಡಿಂಗ್ ಎಂಬ ಊರಿನಲ್ಲಿ ಮರ್ಲ್ ರಾಬಿನ್ಸ್ ಎಂಬ ಕ್ಷೌರಿಕರಿದ್ದರು. ಕ್ರೇಜಿ ಏಯ್ಟ್ಸ್ ಎಂಬ ಆಟದ ನಿಯಮದ ಬಗ್ಗೆ ಅಪ್ಪ ಮಗನಿಗೆ ತಕರಾರು ಎದ್ದಿತು. ಆ ತಕರಾರನ್ನು ಬಗೆಹರಿಸಲು 1971ರಲ್ಲಿ ಅವರು ಹೊಸ ಎಲೆಗಳನ್ನೇ ಮಾಡಿದರು. ಮನೆಯವರೆಲ್ಲ ಸೇರಿ 8,000 ಡಾಲರ್ ಹೊಂದಿಸಿ 5,000 ಪ್ಯಾಕು ಅಚ್ಚು ಹಾಕಿಸಿದರು. ಮೊದಮೊದಲು ಕ್ಷೌರದ ಅಂಗಡಿಯಲ್ಲೇ ಇಟ್ಟು ಮಾರಿದರು. ಆಮೇಲೆ ಹಕ್ಕನ್ನು 50,000 ಡಾಲರಿಗೆ, ಜೊತೆಗೆ ಪ್ಯಾಕಿಗೆ 10 ಸೆಂಟಿನಂತೆ ರಾಯಧನಕ್ಕೆ ಮಾರಿದರು. 1992ರಿಂದ ಅದು ಮ್ಯಾಟೆಲ್ ಕಂಪನಿಯದು.

ರಾಬಿನ್ಸ್ ಮಾಡಿದ್ದೇನು ಎಂದು ನೋಡಿದರೆ ಅವರ ಜಾಣತನ ಕಾಣುತ್ತದೆ. ಹಳೆಯ ಆಟದಲ್ಲಿ ಯಾವ ಎಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಆಡುವವರು ತಲೆಯಲ್ಲಿ ಇಟ್ಟುಕೊಂಡಿರಬೇಕಿತ್ತು. ಜಗಳ ಹುಟ್ಟುವುದು ಅಲ್ಲೇ. ಅವರು ನಿಯಮವನ್ನು ಎಲೆಯ ಮುಖದ ಮೇಲೇ ತಂದು ಕೂರಿಸಿದರು. ನಾಲ್ಕು ಬಣ್ಣ, ದಪ್ಪ ಅಂಕಿ, ಮುಂದಿನವರನ್ನು ಬಿಟ್ಟು ಹೋಗು, ದಿಕ್ಕು ತಿರುಗಿಸು, ಎರಡು ಎಲೆ ಎತ್ತಿಕೋ. ಆರು ವರ್ಷದ ಮಗುವೂ ಎಂಬತ್ತರ ಅಜ್ಜಿಯೂ ಒಟ್ಟಿಗೆ ಆಡಬಹುದು. ಅದರಲ್ಲಿ ರಾಬಿನ್ಸ್ ಮನೆಯವರ ಫೋಟೋ ಒಂದೂ ಇರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿಗೇ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಿಂದ 1868ರವರೆಗೆ ಇದ್ದವರು, ಆಟಗಳ ವಿಚಾರದಲ್ಲಿ ದೊಡ್ಡ ಪಂಡಿತರು. ಅವರ ಶ್ರೀತತ್ವನಿಧಿಯ ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ ಗಂಜೀಫಾ ಎಲೆಗಳ ವಿವರ ಬರುತ್ತದೆ. ಗಂಜೀಫಾ ಎಂದರೆ ಕೈಯಲ್ಲಿ ಬರೆದ ದುಂಡನೆಯ ಎಲೆಗಳು. ಮೊಗಲರ ಗಂಜೀಫಾದಲ್ಲಿ ಎಂಟು ಬಣ, ಬಣಕ್ಕೆ 12ರಂತೆ 96 ಎಲೆ. ನಮ್ಮವರು ಅದನ್ನು ದಶಾವತಾರಕ್ಕೆ ಒಗ್ಗಿಸಿಕೊಂಡು ಹತ್ತು ಬಣ, 120 ಎಲೆ ಮಾಡಿದರು. ಪ್ರತಿ ಬಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿ ಎಲೆ. ಮತ್ಸ್ಯದ ಐದು ಎಂದರೆ ಐದು ಮೀನು, ಪರಶುರಾಮನ ಏಳು ಎಂದರೆ ಏಳು ಕೊಡಲಿ. ಓದು ಬರದವರಿಗೂ ತಿಳಿಯುವ ಲೆಕ್ಕ. ಹಗಲಲ್ಲಿ ಆಡಿದರೆ ರಾಮನ ರಾಜ ಇರುವವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇರುವವರು. ಇಂಥ ಒಂದು ನಿಯಮಕ್ಕಾಗಿಯೇ ನನಗೆ ಈ ಆಟದ ಮೇಲೆ ಪ್ರೀತಿ. ಸಂಜೆ ದೀಪ ಹಚ್ಚಿದ ಕೂಡಲೇ ಆಟದ ಯಜಮಾನಿಕೆ ಅಯೋಧ್ಯೆಯಿಂದ ದ್ವಾರಕೆಗೆ ಹೋಗುತ್ತದೆ!

ಈ ಎಲೆಗಳಲ್ಲಿ ದರ್ಬಾರಿ ಕಲಮು ಎಂದು ಒಂದು, ಬಜಾರಿ ಕಲಮು ಎಂದು ಇನ್ನೊಂದು. ಅರಮನೆಗೆ ದಂತ, ಆಮೆ ಚಿಪ್ಪು. ಪೇಟೆಯವರಿಗೆ ಬಟ್ಟೆ, ಕಾಗದ, ತಾಳೆಗರಿ. ವಸ್ತು ಯಾವುದಾದರೂ ಇರಲಿ, ಬಣಕ್ಕೊಂದು ನೆಲದ ಬಣ್ಣ ಇರುತ್ತಿತ್ತು. ಚಿತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಕೈಯಲ್ಲಿ ಹಿಡಿದಾಗ ಮೊದಲು ಕಾಣುವುದು ಆ ಬಣ್ಣ. ಎಲೆ ಬರೆಯುವವನಿಗೆ ಆಟ ಗೊತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಕಾಲದಲ್ಲಿ ಈ ಕಲೆಗೆ ಮತ್ತೆ ಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಮುಮ್ಮಡಿಯವರು ದಶಾವತಾರಕ್ಕೆ ನಿಲ್ಲಲಿಲ್ಲ. ಛದ ಎಂಬ ಹೆಸರಿನಲ್ಲಿ 13 ಹೊಸ ಆಟ ಕಟ್ಟಿದರು. ಕೆಲವಕ್ಕೆ 18 ಬಣ. ದೊಡ್ಡದಕ್ಕೆ 360 ಎಲೆ. ಕಲ್ಪನೆ ಅದ್ಭುತ, ಚಿತ್ರ ಅದ್ಭುತ. ಆಟ ಮಾತ್ರ ಅರಮನೆಯ ಹೊಸಿಲು ದಾಟಿ ಜನರ ನಡುವೆ ಹರಡಲಿಲ್ಲ. 360 ಎಲೆಯನ್ನು ಯಾರು ಕಲಸಬೇಕು, ಯಾರು ನೆನಪಿಡಬೇಕು? ಮಹಾರಾಜರ ಆಟ ಗ್ರಂಥದಲ್ಲಿ ಉಳಿಯಿತು, ಕ್ಷೌರಿಕರ ಆಟ ಮಕ್ಕಳ ಕೈಗೆ ಬಂತು. ನಿಮ್ಮ ಮನೆಯ ಎಲೆ ಮಾಡುವಾಗ ಇದು ನೆನಪಿರಲಿ. ತಲೆಗೆ ಬಂದದ್ದೆಲ್ಲ ಎಲೆಯಾಗಬೇಕಾಗಿಲ್ಲ.

ಈಗ ನನಗೆ ಹತ್ತಿರದಿಂದ ಗೊತ್ತಿರುವ ಒಂದು ಮನೆಯ ಎಲೆಗಳನ್ನು ನಿಮ್ಮ ಮುಂದೆ ಹರಡುತ್ತೇನೆ. ರೇಡಿಯೋದಲ್ಲಿ ತೋರಿಸಲಾಗದು, ಕೈಲಿ ಹಿಡಿದುಕೊಂಡಿದ್ದೀರಿ ಅಂದುಕೊಳ್ಳಿ. ಒಡಹುಟ್ಟಿದವರು ನಾಲ್ಕು ಜನ. ಹಿರಿಯಕ್ಕ ಮೈಸೂರಿನಲ್ಲಿ, ಅಣ್ಣ ಶಿವಮೊಗ್ಗದಲ್ಲಿ, ಮೂರನೆಯವರು ಬೆಂಗಳೂರಿನ ಬಸವನಗುಡಿಯಲ್ಲಿ, ಕೊನೆಯ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾಲ್ಕು ಸಂಸಾರ, ಇಸ್ಪೀಟಿನಲ್ಲಿ ನಾಲ್ಕು ಬಣ. ಲೆಕ್ಕ ತಾನಾಗಿಯೇ ಕೂತುಬಿಟ್ಟಿತು. ಮೈಸೂರಿನವರಿಗೆ ವೀಳ್ಯದೆಲೆ, ಶಿವಮೊಗ್ಗದವರಿಗೆ ಅಡಿಕೆ, ಬಸವನಗುಡಿಯವರಿಗೆ ಪರಿಷೆಯ ಕಡಲೆಕಾಯಿ, ನ್ಯೂಜೆರ್ಸಿಯವರಿಗೆ ಅಲ್ಲಿನ ರಾಜ್ಯದ ಹಣ್ಣೇ ಆಗಿರುವ ಬ್ಲೂಬೆರಿ. (ವೀಳ್ಯದೆಲೆ ಹೇಗೆ ತಿರುಗಿಸಿದರೂ ಆಠೀನಿಗೋ ಇಸ್ಪೀಟಿಗೋ ಹತ್ತಿರದ ನೆಂಟನಂತೆಯೇ ಕಾಣುತ್ತದೆ, ಗಮನಿಸಿದ್ದೀರಾ?)

ಜಗಳ ಶುರುವಾದದ್ದು ರಾಜ, ರಾಣಿ, ಗುಲಾಮರ ಹತ್ತಿರ. ಮೊದಲ ಆಲೋಚನೆ ಎಲ್ಲರಿಗೂ ಬರುವಂಥದ್ದೇ: ಮನೆಯವರ ಫೋಟೋ ಹಾಕೋಣ. ಸರಿ, ರಾಜ ಯಾರು? ಯಜಮಾನರೋ, ಸಂಬಳ ತರುವವರೋ? ರಾಣಿ ಅತ್ತೆಯೋ ಸೊಸೆಯೋ? ಗುಲಾಮ ಅಂತ ಅಳಿಯಂದಿರನ್ನು ಹಾಕಿದರೆ ಮುಂದಿನ ಹಬ್ಬಕ್ಕೆ ಅವರು ಬರುತ್ತಾರೆಯೇ? ಇದಕ್ಕಿಂತ ಸೂಕ್ಷ್ಮವಾದ ಮಾತೊಂದನ್ನು ಹಿರಿಯಕ್ಕ ಎತ್ತಿದರು. ತೀರಿಕೊಂಡ ಅಪ್ಪನ ಫೋಟೋ ಇರುವ ಎಲೆಯನ್ನು ಆಟದ ಭರದಲ್ಲಿ ಯಾರಾದರೂ ನೆಲಕ್ಕೆ ಬಿಸಾಕಿದರೆ, ಅದರ ಮೇಲೆ ಕಾಲಿಟ್ಟರೆ ತನಗೆ ನೋಡಲಾಗದು ಅಂದರು. ಯಾರೂ ಎದುರಾಡಲಿಲ್ಲ. ಗಂಜೀಫಾದಲ್ಲಿ ದೇವರೇ ಕೈಯಿಂದ ಕೈಗೆ ಬೀಳುತ್ತಿದ್ದ, ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಆದರೆ ಅಪ್ಪನ ವಿಚಾರ ಬೇರೆ.

ಹಾಗಾಗಿ ಮನುಷ್ಯರನ್ನು ಬಿಟ್ಟು ಮನೆಯ ಸಾಮಾನು ಹಿಡಿದರು. ನನ್ನ ಪ್ರಕಾರ ಅವರು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಅದೇ. ರಾಜನ ಜಾಗಕ್ಕೆ ಆ ಮನೆಯಲ್ಲಿ ಯಾರನ್ನೂ ಕೂರಗೊಡದ ಕುರ್ಚಿ. ಎಲ್ಲ ಮನೆಯಲ್ಲೂ ಅಂಥದ್ದೊಂದು ಇರುತ್ತದೆ: ಮೈಸೂರಿನಲ್ಲಿ ಬೆತ್ತದ ಆರಾಮಕುರ್ಚಿ, ಶಿವಮೊಗ್ಗದಲ್ಲಿ ಜಗುಲಿಯ ಉಯ್ಯಾಲೆ ಮಣೆ, ನ್ಯೂಜೆರ್ಸಿಯಲ್ಲಿ ಟೀವಿ ಎದುರಿನ ಸೋಫಾದ ಮೂಲೆ. ರಾಣಿಯ ಜಾಗಕ್ಕೆ ಅಡುಗೆಮನೆಯ ಸಾಮಾನು: ಒರಳುಕಲ್ಲು, ಹಿತ್ತಾಳೆಯ ಕಾಫಿ ಫಿಲ್ಟರು, ದೋಸೆಯ ಕಾವಲಿ, ವಿಮಾನ ಹತ್ತಿ ಹೋದ ವೆಟ್ ಗ್ರೈಂಡರು. ಗುಲಾಮನ ಜಾಗಕ್ಕೆ ವಾಹನ, ಮನೆಮಂದಿಯ ಚಾಕರಿ ಮಾಡಿದ್ದು ಅದೇ ತಾನೇ. ಅಟ್ಲಾಸ್ ಸೈಕಲ್ಲು, ಬಜಾಜ್ ಚೇತಕ್ಕು, ಲೂನಾ, ಸೆಕೆಂಡ್ ಹ್ಯಾಂಡ್ ಟೊಯೊಟಾ. ಇಪ್ಪತ್ತೆಂಟು ಆಡುವವರಿಗೆ ಗೊತ್ತಿರುತ್ತದೆ, ಆ ಆಟದಲ್ಲಿ ರಾಜ ರಾಣಿಯರಿಗೆ ಪಾಯಿಂಟೇ ಇಲ್ಲ. ಗುಲಾಮನಿಗೆ ಮೂರು, ಅವನೇ ಎಲ್ಲರಿಗಿಂತ ದೊಡ್ಡವನು. ಚೇತಕ್ಕು ಬಿದ್ದರೆ ಉಯ್ಯಾಲೆ ಮಣೆ ಸುಮ್ಮನಾಗಬೇಕು. ಎಕ್ಕಕ್ಕೆ ಆಯಾ ಮನೆಯ ಮುಂಬಾಗಿಲು. ಎರಡರಿಂದ ಹತ್ತರವರೆಗೆ ಬಣದ ಗುರುತೇ, ಗಂಜೀಫಾದ ಹಾಗೆ: ನಾಲ್ಕು ಅಡಿಕೆ, ಒಂಬತ್ತು ಕಡಲೆಕಾಯಿ. ಜೋಕರು ಎರಡು. ಎರಡರಲ್ಲೂ ಅಜ್ಜಿಯ ಕನ್ನಡಕ. ಹುಡುಕಿದಾಗ ಸಿಗದು, ಬೇಡವಾದಲ್ಲೆಲ್ಲ ಇರುತ್ತದೆ.

ಈ ಏರ್ಪಾಟಿನ ಲಾಭ ಏನೆಂದರೆ ಐವತ್ತೆರಡರ ಲೆಕ್ಕ ಕೆಡಲಿಲ್ಲ. ಅದೇ ಎಲೆಯಲ್ಲಿ ರಮ್ಮಿ ಆಡಬಹುದು, ಇಪ್ಪತ್ತೆಂಟು ಆಡಬಹುದು, ಮಕ್ಕಳ ಜೊತೆ ಕತ್ತೆ ಆಡಬಹುದು. ಇವುಗಳ ಮೇಲೆ ಒಂದು ಹೊಸ ಆಟವನ್ನೂ ಕೂರಿಸಬಹುದು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಾನ್ ಜಾಕ್ಸ್ ಕಂಪನಿ ಹ್ಯಾಪಿ ಫ್ಯಾಮಿಲೀಸ್ ಎಂಬ ಎಲೆಗಳನ್ನು ತಂದಿತು. ಒಂದೊಂದು ಕುಟುಂಬದ ನಾಲ್ವರನ್ನು ಕೇಳಿ ಕೇಳಿ ಒಟ್ಟು ಮಾಡುವ ಆಟ. ನಮ್ಮ ಈ ಮನೆಯಲ್ಲಿ ಒಂದೇ ಜಾತಿಯ ನಾಲ್ಕು ಎಲೆ ಒಟ್ಟು ಮಾಡಬೇಕು, ಅದು ಹೀಗೆ ನಡೆಯುತ್ತದೆ. ನ್ಯೂಜೆರ್ಸಿಯ ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಮೈಸೂರಿನ ಕಾಫಿ ಫಿಲ್ಟರು ಇದೆ.

“ಸೋದರಮಾವಾ, ನಿಮ್ಮ ಹತ್ತಿರ ಶಿವಮೊಗ್ಗದ ಒರಳುಕಲ್ಲು ಇದೆಯಾ?”

“ಇದೆಯಮ್ಮಾ, ತಗೋ. ಎತ್ತುವುದಕ್ಕೆ ಆಗುತ್ತಾ ನೋಡು.”

“ದೊಡ್ಡಮ್ಮಾ, ನಿಮ್ಮ ಹತ್ತಿರ ಬೆಂಗಳೂರಿನ ಕಾವಲಿ?”

“ನನ್ನ ಹತ್ತಿರ ಇಲ್ಲ ಪುಟ್ಟಾ. ಈಗ ಸರದಿ ನನ್ನದು. ಆ ಫಿಲ್ಟರು ಕೊಡು ಇಲ್ಲಿ, ಅದು ನಮ್ಮನೇದು.”

ಇದ್ದರೆ ಕೊಡಲೇಬೇಕು, ಇಲ್ಲದಿದ್ದರೆ ಸರದಿ ಕೇಳಿಸಿಕೊಂಡವರಿಗೆ ಹೋಗುತ್ತದೆ. ಆ ಜಾತಿಯ ಒಂದಾದರೂ ನಿಮ್ಮ ಕೈಯಲ್ಲಿದ್ದರೆ ಮಾತ್ರ ಕೇಳುವ ಹಕ್ಕು. ಅಮೆರಿಕದಲ್ಲಿ ಬೆಳೆದ ಹುಡುಗಿಗೆ ಒರಳುಕಲ್ಲು ಯಾವುದು, ದೊಡ್ಡಮ್ಮ ಯಾರು, ಸೋದರಮಾವನನ್ನು ಹೇಗೆ ಕರೆಯಬೇಕು ಎಂಬುದನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಗೆಲ್ಲಬೇಕೆಂದರೆ ಕೇಳಬೇಕು, ಕೇಳಬೇಕೆಂದರೆ ಹೆಸರು ಬರಬೇಕು.

ಇನ್ನು ಎಲೆಯ ವಿನ್ಯಾಸ. ಎಲೆಯನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟು ನೋಡಿ ಚೆನ್ನಾಗಿದೆ ಅನ್ನುವುದು ಸುಲಭ. ಆಡುವಾಗ ಅದು ಹಾಗೆ ಇರುವುದಿಲ್ಲ. ಹದಿಮೂರು ಎಲೆ ಬೀಸಣಿಗೆಯಾಗಿ ಬಿಚ್ಚಿಕೊಂಡಾಗ ಪ್ರತಿಯೊಂದರದ್ದೂ ಎಡ ಮೇಲಿನ ಮೂಲೆಯ ಒಂದು ಬೆರಳಗಲ ಮಾತ್ರ ಕಾಣುತ್ತದೆ. ಅಂಕಿ, ಗುರುತು ಎರಡೂ ಅಷ್ಟರೊಳಗೆ ಇರಬೇಕು. ಎಲೆ ತಲೆಕೆಳಗಾಗಿ ಬಂದರೂ ತಿಳಿಯಬೇಕಾದ್ದರಿಂದ ಕೆಳಗಿನ ಬಲ ಮೂಲೆಯಲ್ಲೂ ತಿರುಗಿಸಿ ಹಾಕಬೇಕು. ಆರು ಮತ್ತು ಒಂಬತ್ತರ ಕೆಳಗೆ ಗೆರೆ ಎಳೆಯಿರಿ. ಕನ್ನಡ ಅಂಕಿಯೇ ಬೇಕು ಅನ್ನುವವರು ಹಾಕಲಿ, ನನಗೂ ಇಷ್ಟ. ಆದರೆ ನಿಮ್ಮ ಮನೆಯ ಮಕ್ಕಳು ೬ ಮತ್ತು ೯ ಗುರುತಿಸುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಬೇಕಾದರೆ ಮೇಲಿನ ಮೂಲೆಗೆ ಒಂದು ಬಗೆ, ನಡುವಿನ ಚಿತ್ರದ ಕೆಳಗೆ ಇನ್ನೊಂದು ಬಗೆ ಇರಲಿ.

ಬಣ್ಣದ ಮೇಲೆ ಪೂರ್ತಿ ಭಾರ ಹಾಕಬೇಡಿ. ಆ ಮನೆಯವರು ಮೊದಲು ಅಡಿಕೆಗೂ ಕಡಲೆಕಾಯಿಗೂ ಕಂದು ಬಣ್ಣವನ್ನೇ ಆರಿಸಿದ್ದರು, ನಿಜಕ್ಕೂ ಇರುವುದೇ ಹಾಗಲ್ಲವೇ? ರಾತ್ರಿ ಹಳದಿ ಬಲ್ಬಿನ ಕೆಳಗೆ ಹಿಡಿದರೆ ಎರಡೂ ಒಂದೇ. ಕೆಂಪಡಿಕೆ ಎಂದು ಅಡಿಕೆಗೆ ಕೆಂಪು ಹಚ್ಚಿದರು, ಕಡಲೆಕಾಯಿಗೆ ಅರಿಸಿನ ಬಣ್ಣ ಕೊಟ್ಟು ನಡು ಸಣ್ಣ ಮಾಡಿ ಎರಡು ಬೀಜದ ಉಬ್ಬು ತೋರಿಸಿದರು. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರು ಎಷ್ಟೋ ಮನೆಗಳಲ್ಲಿ ಇರುತ್ತಾರೆ, ಬಹುಮಟ್ಟಿಗೆ ಗಂಡಸರು. ಕೆಲವರಿಗೆ ತಮಗೆ ಹಾಗಿದೆ ಎಂಬುದೇ ತಿಳಿದಿರುವುದಿಲ್ಲ. ಎಲೆಯನ್ನು ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ನೋಡಿ. ಆಗಲೂ ನಾಲ್ಕು ಬಣ ಬೇರೆ ಬೇರೆಯಾಗಿ ಕಂಡರೆ ಕೆಲಸ ಸರಿಯಾಗಿದೆ.

ಎಲೆಯ ಬೆನ್ನು ಮುಖಕ್ಕಿಂತ ಮುಖ್ಯ. ಅದನ್ನು ಎಲ್ಲರೂ ನೋಡುತ್ತಾರೆ, ನೋಡಿದರೂ ಏನೂ ತಿಳಿಯಬಾರದು. ಮನೆತನದ ಹೆಸರನ್ನು ಬೆನ್ನಿನ ನಡುವೆ ಒಂದೇ ದಿಕ್ಕಿಗೆ ಅಚ್ಚು ಹಾಕಿಸಿದರೆ ತಲೆಕೆಳಗಾದ ಎಲೆ ಕೂಡಲೇ ಗೊತ್ತಾಗುತ್ತದೆ. ಚುರುಕು ಹುಡುಗರು ಎರಡನೆಯ ಆಟಕ್ಕೇ ಅದನ್ನು ಹಿಡಿಯುತ್ತಾರೆ. ಹೇಗೆ ತಿರುಗಿಸಿದರೂ ಒಂದೇ ಆಗಿ ಕಾಣುವ ರಂಗೋಲಿ, ಕಸೂತಿ, ಇಳಕಲ್ ಸೀರೆಯ ಅಂಚಿನಂಥ ನಕ್ಷೆ ಒಳ್ಳೆಯದು. ಸುತ್ತ ತೆಳು ಬಿಳಿ ಅಂಚು ಬೇಡವೇ ಬೇಡ. ಕಟಿಂಗ್ ಮಿಷನ್ನಿನಲ್ಲಿ ಕೂದಲೆಳೆ ಆಚೀಚೆ ಆದರೂ ಒಂದು ಕಡೆ ಅಂಚು ದಪ್ಪ, ಒಂದು ಕಡೆ ತೆಳು. ಆ ಎಲೆಗೆ ಗುರುತು ಬಿದ್ದಂತೆಯೇ.

ಇಷ್ಟಾದ ಮೇಲೂ ಪ್ರೆಸ್ಸಿಗೆ ಓಡಬೇಡಿ. ಹಳೇ ಲಗ್ನಪತ್ರಿಕೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವಲ್ಲ, ಅವುಗಳ ಖಾಲಿ ಬೆನ್ನನ್ನು ಎಲೆಯ ಅಳತೆಗೆ ಕತ್ತರಿಸಿ ಸ್ಕೆಚ್ ಪೆನ್ನಿನಲ್ಲಿ ಬರೆದು ಒಂದು ರಾತ್ರಿ ಪೂರ್ತಿ ಆಡಿ. ಎಲ್ಲಿ ಆಟ ನಿಲ್ಲುತ್ತದೆ, ಯಾವ ಎಲೆ ಬಂದಾಗ ಯಾರು “ಇದೇನಿದು?” ಅನ್ನುತ್ತಾರೆ, ನೋಡಿಟ್ಟುಕೊಳ್ಳಿ. ಅಲ್ಲಿ ತಿದ್ದುವುದಕ್ಕೆ ಖರ್ಚಿಲ್ಲ.

ಅಚ್ಚಿನ ಅಳತೆ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಪೋಕರ್ ಅಳತೆ ಎಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ, ಮಿಲಿಮೀಟರಿನಲ್ಲಿ 63.5 ಮತ್ತು 88.9. ಬ್ರಿಜ್ ಅಳತೆ ಇನ್ನೂ ಸ್ವಲ್ಪ ಕಿರಿದು, ಎರಡೂಕಾಲು ಇಂಚು. ಪುಟ್ಟ ಕೈಗಳಿಗೆ ಬ್ರಿಜ್, ದೊಡ್ಡ ಚಿತ್ರಕ್ಕೆ ಪೋಕರ್. ಕಂಪ್ಯೂಟರಿನಲ್ಲಿ ಇಂಚಿಗೆ 300 ಚುಕ್ಕಿಯಂತೆ ಪೋಕರ್ ಎಲೆ 750ಕ್ಕೆ 1050 ಪಿಕ್ಸೆಲ್ ಆಗುತ್ತದೆ. ಅದರ ನಾಲ್ಕೂ ಕಡೆ ಬಣ್ಣ ಇನ್ನೂ ಒಂದು ಮೂರು ಮಿಲಿಮೀಟರ್ ಹೊರಗೆ ಹರಿದಿರಬೇಕು, ಪ್ರೆಸ್ಸಿನವರು ಬ್ಲೀಡ್ ಅನ್ನುತ್ತಾರೆ. ತಟ್ಟೆಗೆ ಸುರಿದ ಮೈಸೂರು ಪಾಕಿನಲ್ಲಿ ಅಂಚು ಬಿಟ್ಟು ಬಿಲ್ಲೆ ಕೊಯ್ಯುವುದಿಲ್ಲವೇ, ಹಾಗೆ. ಹೊರಗಿನದು ಕತ್ತರಿಸಿ ಹೋಗಲಿಕ್ಕೇ ಇರುವುದು. ಬ್ಲೀಡ್ ಸೇರಿ 825ಕ್ಕೆ 1125 ಪಿಕ್ಸೆಲ್. ಅಕ್ಷರ, ಅಂಕಿ, ಮುಖ್ಯ ಚಿತ್ರ ಎಲ್ಲವೂ ಅಂಚಿನಿಂದ ಕನಿಷ್ಠ ಮೂರು ಮಿಲಿಮೀಟರ್ ಒಳಕ್ಕೆ ಇರಲಿ.

ಡಿಜಿಟಲ್ ಪ್ರೆಸ್ಸಿನಲ್ಲಿ 13ಕ್ಕೆ 19 ಇಂಚಿನ ಹಾಳೆ ಸಾಮಾನ್ಯ. ಬ್ಲೀಡ್ ಸೇರಿಸಿ ಅಡ್ಡಕ್ಕೆ ಆರು, ಉದ್ದಕ್ಕೆ ಮೂರು ಜೋಡಿಸಿದರೆ ಹಾಳೆಗೆ 18 ಎಲೆ. ಮೂರು ಹಾಳೆಗೆ 54, ಜೋಕರೂ ಸೇರಿ ಪ್ಯಾಕು ಮುಗಿಯಿತು. ಒಂದು ಎಲೆಯೂ ದಂಡವಿಲ್ಲ. ಮನೆಯ ಪ್ರಿಂಟರಿನಲ್ಲೇ ಮಾಡುವವರಿಗೆ ಎ4 ಹಾಳೆಯಲ್ಲಿ ಒಂಬತ್ತು ಹಿಡಿಸುತ್ತದೆ; ಆರು ಹಾಳೆ ಬೇಕು. ಆ ತೆಳು ಕಾಗದವನ್ನು ಹಾಗೇ ಆಡಲಾಗದು, ಹಿಂದೆ ಹಳೇ ಇಸ್ಪೀಟಿನ ಎಲೆ ಇಟ್ಟು ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಬೇಕು. ಮಕ್ಕಳಿಗೆ ಅದೇ ಸಾಕು.

ಚಿತ್ರ ಕೊಡುವಾಗ ವಾಟ್ಸಾಪಿನಲ್ಲಿ ಬಂದ ಫೋಟೋ ಕೊಡಬೇಡಿ, ದಾರಿಯಲ್ಲೇ ಅದು ಸೊರಗಿರುತ್ತದೆ. ಹಳೆಯ ಆಲ್ಬಮ್ಮಿನದಾದರೆ ಇಂಚಿಗೆ 600 ಚುಕ್ಕಿಯಲ್ಲಿ ಸ್ಕ್ಯಾನ್ ಮಾಡಿಸಿ. ಫೋಟೋಗಿಂತ ಗೆರೆಚಿತ್ರ ಮೇಲು ಎಂಬುದು ನನ್ನ ಅಭಿಪ್ರಾಯ. ಎರಡೂವರೆ ಇಂಚಿನಲ್ಲಿ ಚೇತಕ್ಕಿನ ಫೋಟೋ ಒಂದು ಮಸಿಯ ಮುದ್ದೆ. ಹುಡುಗನೊಬ್ಬ ಬರೆದ ಚೇತಕ್ಕು, ಹ್ಯಾಂಡಲ್ಲು ಡೊಂಕಾಗಿದ್ದರೂ, ದೂರದಿಂದಲೇ ಚೇತಕ್ಕು. ತೆರೆಯ ಮೇಲೆ ಹೊಳೆಯುವ ಬಣ್ಣ ಕಾಗದದ ಮೇಲೆ ಮಂಕಾಗುತ್ತದೆ, ನೀಲಿ ಹಸಿರುಗಳಂತೂ ಇನ್ನಷ್ಟು. ಒಂದು ಹಾಳೆ ಪ್ರೂಫು ತೆಗೆಸಿ ನೋಡದೆ ಎಲ್ಲಕ್ಕೂ ಒಪ್ಪಿಗೆ ಕೊಡಬೇಡಿ.

ಕನ್ನಡದಲ್ಲಿ ಅಚ್ಚು ಹಾಕಿಸುವವರಿಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ನೀವು ಯೂನಿಕೋಡಿನಲ್ಲಿ ಟೈಪು ಮಾಡಿದ್ದೀರಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹಳೆಯ ಕಾಲದ ‘ನುಡಿ’ ತಂತ್ರಾಂಶದ ಅಕ್ಷರಗಳು, ಇಲ್ಲವೇ ಕನ್ನಡದ ಜೋಡಣೆ ತಿಳಿಯದ ಹಳೇ ತಂತ್ರಾಂಶ. ಅಲ್ಲಿ ತೆರೆದರೆ ಒತ್ತಕ್ಷರ ಬಿಡಿಸಿಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತದೆ, ಅರ್ಕಾವತ್ತು ಎಲ್ಲೋ ಹೋಗಿರುತ್ತದೆ. ಒರಳುಕಲ್ಲಿನ ಲ ಒತ್ತು ಕಳಚಿ ಬಿದ್ದರೆ ಅದು ಬೇರೆಯೇ ಕಲ್ಲು. ಅಕ್ಷರವನ್ನು ಗೆರೆಯಾಗಿ, ಅಂದರೆ ಕರ್ವ್ಸ್ ಆಗಿ ಬದಲಿಸಿ ಪಿಡಿಎಫ್ ಕೊಟ್ಟರೆ ಯಾರ ಯಂತ್ರದಲ್ಲೂ ಅದು ಅಲ್ಲಾಡುವುದಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು ಎಂಬುದನ್ನೂ ಮರೆಯಬೇಡಿ. ಇಂಗ್ಲಿಷಿಗೆ ಲೆಕ್ಕ ಹಾಕಿ ಬಿಟ್ಟ ಸಾಲಿನಲ್ಲಿ ನಮ್ಮ ‘ಉಯ್ಯಾಲೆ’ ಕಾಲು ಚಾಚಲಾರದು.

ಕಾಗದಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡು ಕೇಳಿ, ಎಲ್ಲ ಕಡೆ ಸಿಗುತ್ತದೆ. ನಿಜವಾದ ಇಸ್ಪೀಟಿನ ಎಲೆ ಒಂದೇ ಹಾಳೆಯಲ್ಲ. ಎರಡು ಕಾಗದದ ನಡುವೆ ಕಪ್ಪು ಅಂಟಿನ ಪದರ ಇರುತ್ತದೆ, ಬೆಳಕು ತೂರಿ ಎದುರಿನವರಿಗೆ ಎಲೆ ಕಾಣದಿರಲೆಂದು. ನಮ್ಮ ಊರಿನ ಪ್ರೆಸ್ಸಿನಲ್ಲಿ ಅಂಥ ಕಾಗದ ಸಿಗುವುದು ಅಪರೂಪ. ಆದ್ದರಿಂದ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಕಾಣುವಂತಿದ್ದರೆ ಬೆನ್ನಿನ ನಕ್ಷೆಯನ್ನು ಗಾಢ ಬಣ್ಣದಲ್ಲಿ ದಟ್ಟವಾಗಿ ಹಾಕಿಸಿ, ಮುಕ್ಕಾಲು ಪಾಲು ತೊಂದರೆ ಅಲ್ಲಿಗೆ ಮುಗಿಯುತ್ತದೆ. ಲ್ಯಾಮಿನೇಷನ್ ಎರಡೂ ಕಡೆ ಆಗಬೇಕು. ಒಂದೇ ಕಡೆ ಮಾಡಿಸಿ ದುಡ್ಡು ಉಳಿಸಿದರೆ ಮಳೆಗಾಲದ ಹೊತ್ತಿಗೆ ಎಲೆಗಳೆಲ್ಲ ಹಪ್ಪಳ. ಗ್ಲಾಸಿ ಹೊಳಪಿಗಿಂತ ಮ್ಯಾಟ್ ವಾಸಿ, ದೀಪ ಕಣ್ಣಿಗೆ ಹೊಡೆಯುವುದಿಲ್ಲ. ಅಂಟಿಕೊಳ್ಳುವಂತಿದ್ದರೆ ಕೇರಂ ಬೋರ್ಡಿಗೆ ಹಾಕುವ ಪೌಡರನ್ನು ಚಿಟಿಕೆ ಉದುರಿಸಿ ಒರೆಸಿ.

ಕತ್ತರಿಸುವ ಹೊತ್ತಿಗೆ ಪ್ರೆಸ್ಸಿನಲ್ಲಿ ನೀವೇ ನಿಂತಿರಿ. ಆಪರೇಟರು ಹಾಳೆಗಳನ್ನು ತಟ್ಟಿ ತಟ್ಟಿ ಒಂದು ಅಂಚಿಗೆ ಕೂರಿಸುತ್ತಾನೆ, ಮೇಲಿನ ಹಲಗೆ ಇಳಿದು ಒತ್ತುತ್ತದೆ, ಬ್ಲೇಡು ಬೀಳುತ್ತದೆ. ಕಟ್ಟು ದಪ್ಪವಾದಷ್ಟೂ ಕೆಳಗಿನ ಹಾಳೆ ಜಾರುವ ಸಂಭವ ಜಾಸ್ತಿ. ಮೂರು ಮೂರು ಹಾಳೆಯಾಗಿ ಕತ್ತರಿಸಿ ಅಂದರೆ ಗೊಣಗುತ್ತಾನೆ, ಗೊಣಗಲಿ. ಮೂಲೆ ದುಂಡಗೆ ಮಾಡುವ ಪುಟ್ಟ ಯಂತ್ರ ವಿಸಿಟಿಂಗ್ ಕಾರ್ಡು ಮಾಡುವವರ ಹತ್ತಿರ ಇರುತ್ತದೆ. ಮೂಲೆ ಚೂಪಾಗಿ ಬಿಟ್ಟರೆ ಒಂದು ವಾರದಲ್ಲಿ ಮಡಚಿಕೊಂಡು, ಮಡಚಿದ ಎಲೆ ಯಾವುದೆಂದು ಮನೆಯವರಿಗೆಲ್ಲ ಬಾಯಿಪಾಠವಾಗುತ್ತದೆ.

ಒಂದು ಮಾತು ಉಳಿಯಿತು. ಎಷ್ಟು ಪ್ಯಾಕು ಹಾಕಿಸಬೇಕು? ಮನೆಗೊಂದು, ಮೇಲೆ ಒಂದು. ಆ ಹೆಚ್ಚಿನದು ಆಡುವುದಕ್ಕಲ್ಲ, ಕಳೆದುಹೋದ ಎಲೆಗೆ ಬದಲಿ ತೆಗೆಯುವುದಕ್ಕೆ. ಎರಡು ವರ್ಷ ಬಿಟ್ಟು ಒಂದೇ ಎಲೆ ಅಚ್ಚು ಹಾಕಿಸಿದರೆ ಬಣ್ಣ ಕೂಡುವುದಿಲ್ಲ, ಕಾಗದ ಕೂಡುವುದಿಲ್ಲ. ಬೆನ್ನು ನೋಡಿಯೇ ಇದು ಬ್ಲೂಬೆರಿ ಏಳು ಎಂದು ಎಲ್ಲರೂ ಹೇಳುತ್ತಾರೆ. ಪೆಟ್ಟಿಗೆಗೆ ತಲೆ ಕೆಡಿಸಿಕೊಳ್ಳಬೇಡಿ. ರವಿಕೆ ಕಣದ ಒಂದು ಚೀಲ ಹೊಲಿದರೆ ಸಾಕು, ರಟ್ಟಿನ ಡಬ್ಬಿಗಿಂತ ಹೆಚ್ಚು ದಿನ ಬರುತ್ತದೆ.

ಕೊನೆಗೆ, ಯಾವಾಗ ಮಾಡಿಸಬೇಕೆಂಬ ಪ್ರಶ್ನೆ. ಮಾಘದಿಂದ ಜ್ಯೇಷ್ಠದವರೆಗೆ ಪ್ರೆಸ್ಸಿನವರ ತಲೆ ತುಂಬ ಲಗ್ನಪತ್ರಿಕೆ. ದೀಪಾವಳಿ ಕಳೆದ ಮೇಲೆ ಕ್ಯಾಲೆಂಡರು, ಡೈರಿ. ಆ ಹೊತ್ತಿನಲ್ಲಿ ಮೂರು ಹಾಳೆಯ ಕೆಲಸ ಹಿಡಿದುಕೊಂಡು ಹೋದರೆ ನಾಳೆ ಬನ್ನಿ ಅನ್ನುತ್ತಾರೆ, ತಪ್ಪಿಲ್ಲ. ಆಷಾಢದಲ್ಲಿ ಹೋಗಿ. ಮದುವೆ ಮುಂಜಿ ಇಲ್ಲದ ತಿಂಗಳು, ಕೂರಿಸಿ ಮಾತಾಡಿಸುತ್ತಾರೆ, ಪ್ರೂಫನ್ನು ಎರಡು ಸಲ ತಿದ್ದಿದರೂ ಬೇಸರಿಸುವುದಿಲ್ಲ. ಗಣಪತಿ ಹಬ್ಬಕ್ಕೆ ಎಲ್ಲರೂ ಸೇರುವ ಹೊತ್ತಿಗೆ ಎಲೆ ನಿಮ್ಮ ಕೈಯಲ್ಲಿರುತ್ತದೆ.